ಆ ಮಾತಿಗೆ ಬೇರೆ ಜಾಗ ಇದೆ

ಹೋದ ತಿಂಗಳು ಮೊಮ್ಮಗಳ ಗಂಡ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ತಿತಿಮತಿ ಕಡೆಯ ಒಂದು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದ. ಊಟವಾದ ಮೇಲೆ ಕೈ ತೊಳೆಯಲೆಂದು ಎದ್ದವನು ದಾರಿ ತಪ್ಪಿ ಒಂದು ಉದ್ದನೆಯ ಮೊಗಸಾಲೆಗೆ ಹೊಕ್ಕೆ. ಅಲ್ಲಿ ಆ ವಾಸನೆ ಬಂತು. ಎಳ್ಳೆಣ್ಣೆಯಲ್ಲಿ ಬೇರು, ತೊಗಟೆ ಹಾಕಿ ದಿನಗಟ್ಟಲೆ ಕುದಿಸಿದಾಗ ಬರುವ, ಸ್ವಲ್ಪ ಕಹಿ, ಸ್ವಲ್ಪ ಹೊಗೆ, ಒಂದು ಸಲ ಮೂಗಿಗೆ ಹತ್ತಿದರೆ ಅಂಗಿಯನ್ನು ಎರಡು ಸಲ ಒಗೆದರೂ ಬಿಡದ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ.

ಒಬ್ಬ ಹುಡುಗಿ ಓಡಿಬಂದಳು. "ತಾತಾ, ಇದು ಸ್ಪಾ ಬ್ಲಾಕ್. ಊಟದ ಹಾಲ್ ಆ ಕಡೆ."

"ಇದನ್ನು ಯಾಕಮ್ಮ ಇಷ್ಟು ದೂರ ಇಟ್ಟಿದ್ದೀರಿ?"

"ಬೇರೆ ಗೆಸ್ಟುಗಳಿಗೆ ತೊಂದರೆ ಆಗಬಾರದು ಅಂತ. ಎಣ್ಣೆ, ಮಸಾಜು ಎಲ್ಲ ಇಲ್ಲೇ. ಬೇರೆಯೇ ಜಾಗ ಮಾಡಿದ್ದೀವಿ."

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಗಾಬರಿಯಾಗಿ ಕುರ್ಚಿ ತಂದಳು. ಪ್ರವಾಸ ಹೋಗುವ ಸಭ್ಯರು ಮೈಗೆ ಎಣ್ಣೆ ಹಚ್ಚಿಸಿಕೊಂಡ ವಿಷಯವನ್ನು ಎಲ್ಲರೂ ಕೂರುವ ಕಡೆ ಮಾತಾಡಬಹುದೇ, ಅಥವಾ ಅದಕ್ಕೆ ಪ್ರತ್ಯೇಕ ಜಾಗ ಬೇಕೇ ಎಂಬ ಘನವಾದ ಪ್ರಶ್ನೆಯನ್ನು ವಿರಾಜಪೇಟೆಯಲ್ಲಿ ನಾವು ಒಂದು ಮಳೆಗಾಲ ಪೂರ್ತಿ ಚರ್ಚಿಸಿದ್ದೇವೆ. ಚರ್ಚೆಯಲ್ಲಿ ಮೊದಲು ಸೋತು ಆಮೇಲೆ ಗೆದ್ದಿದ್ದೇವೆ. ಗೆದ್ದದ್ದು ಸಾಲದೆ ಸೇಡನ್ನೂ ತೀರಿಸಿಕೊಂಡಿದ್ದೇವೆ. ಇದನ್ನೆಲ್ಲ ಆ ಹುಡುಗಿಗೆ ಹೇಗೆ ಹೇಳುವುದು? ಕುರ್ಚಿಯಲ್ಲಿ ಕೂತು ವಾಸನೆ ಕುಡಿಯುತ್ತ ಇದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಕೆಲವೇ ವರ್ಷ. ಅದುವರೆಗೆ ನಮ್ಮದೇ ಪುಟ್ಟ ಸರ್ಕಾರ ಇತ್ತು. ಸೇರಿದ ಮೇಲೆ ನಾವೊಂದು ಜಿಲ್ಲೆಯಾದೆವು. ಇದರಿಂದ ನಮ್ಮಂಥವರ ಕಣ್ಣಿಗೆ ಕಂಡ ಬದಲಾವಣೆ ಎಂದರೆ ಬೇಸಿಗೆಯಲ್ಲಿ ಮೈಸೂರು ಕಡೆಯಿಂದ ಅಧಿಕಾರಿಗಳು ವರ್ಗವಾಗಿ ಬರುವುದು, ಮಳೆಗಾಲ ನೋಡಿದ ಮೇಲೆ ವರ್ಗ ಮಾಡಿಸಿಕೊಂಡು ಹೋಗುವುದು. ನಾನು ಒಂದು ಬಸ್ ಕಂಪೆನಿಯ ಬುಕಿಂಗ್ ಕ್ಲರ್ಕ್ ಆಗಿದ್ದೆ. ಪೇಟೆಯಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ಮೊದಲು ಗೊತ್ತಾಗುತ್ತಿದ್ದದ್ದು ನನ್ನ ಕಿಟಕಿಗೆ.

ಆಫೀಸಿನ ಮೇಲಿನ ಮಾಳಿಗೆ ಕರಿಮೆಣಸಿನ ವ್ಯಾಪಾರಿ ಮೊಯ್ದು ಕಾಕನದು. ಕೆಳಗೆ ಮುಂದುಗಡೆ ನಮ್ಮ ಬುಕಿಂಗ್ ಆಫೀಸು, ಹಿಂದುಗಡೆ ಕಾಕನ ಖಾಲಿ ಗೋಣಿಚೀಲಗಳ ಕೋಣೆ. ಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನ ಯಾತ್ರಾಮಿತ್ರ ಸಂಘ ಸೇರುತ್ತಿತ್ತು. ಸಂಘದ ಕೆಲಸ ಬಹಳ ಸರಳ: ವಾರಕ್ಕೊಬ್ಬ ಸದಸ್ಯ ತಾನು ಹೋಗಿ ಬಂದ ಊರಿನ ಕಥೆ ಹೇಳಬೇಕು, ಉಳಿದವರು ಕಾಫಿ ಕುಡಿಯುತ್ತ ಕೇಳಬೇಕು, ಸುಳ್ಳು ಅನ್ನಿಸಿದರೆ ಕೆಮ್ಮಬೇಕು. ಯುದ್ಧದಲ್ಲಿ ಈಜಿಪ್ಟಿನವರೆಗೆ ಹೋಗಿ ಬಂದ ಸುಬೇದಾರ್ ಬೆಳ್ಯಪ್ಪ ಮಾತಾಡಿದ ದಿನ ಇಡೀ ಮಾಳಿಗೆಗೆ ನೆಗಡಿಯಾದಂತೆ ಇರುತ್ತಿತ್ತು.

ಈ ಸಂಘವನ್ನು ಹುಟ್ಟುಹಾಕಿದವರು ನನ್ನ ತಾಯಿಯ ಅಣ್ಣ, ಕುಶಾಲಪ್ಪ ಮಾವ. ನಮ್ಮದು ಕರಿಕೆ ಕಡೆಯ ಮನೆತನ. ಮಾವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾಗಿ, ಪೇಟೆಯ ಹಿಂದಿನ ಇಳಿಜಾರಿನಲ್ಲಿ ಮನೆ ಮಾಡಿಕೊಂಡಿದ್ದರು. ಜೀವಮಾನವೆಲ್ಲ ತೋಟದ ಕೆಸರಿನಲ್ಲಿ ನಿಂತ ಕಾಲುಗಳು ಕೊನೆಗೆ ಮುಷ್ಕರ ಹೂಡಿದವು. ಕೋಲು ಬಂತು. ಮಾಳಿಗೆಯ ಮೆಟ್ಟಿಲನ್ನು ಒಂದೊಂದಾಗಿ, ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಕೊಟ್ಟು ಹತ್ತುತ್ತಿದ್ದರು. ಕೈ ಕೊಡಲು ಹೋದವನಿಗೂ ಒಂದು ಬೈಗುಳ ಸಿಗುತ್ತಿತ್ತು.

ಆ ಹಿಂದಿನ ವರ್ಷದ ಕಕ್ಕಡ ಮಾಸದಲ್ಲಿ, ಎಂದರೆ ಗದ್ದೆಗೆ ಕಾಲಿಟ್ಟರೆ ಕಾಲು ಸಿಗದಷ್ಟು ಮಳೆ ಹೊಡೆಯುವ ಆಟಿಯಲ್ಲಿ, ಮಾವ ಮಾಕುಟ್ಟ ಘಾಟಿ ಇಳಿದು ಗಡಿಯಾಚೆಯ ಇರಿಟ್ಟಿ ಹತ್ತಿರದ ಒಬ್ಬ ವೈದ್ಯರ ಮನೆಯಲ್ಲಿ ಎಣ್ಣೆ ಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದರು. ಏನಾಯಿತು ಎಂದು ಯಾರಿಗೂ ಹೇಳಲಿಲ್ಲ. ಕೋಲು ಹಿಡಿದೇ ಓಡಾಡಿದರು. ಆದರೆ ಬೇಸಿಗೆಯಿಡೀ ಬೆಳಿಗ್ಗೆ ಹೊತ್ತು ಮನೆಯ ಹಿಂದಿನ ಕಾಫಿ ಒಣಗಿಸುವ ಕಣದಲ್ಲಿ, ಅತ್ತೆಯೊಬ್ಬರೇ ನೋಡುವಂತೆ, ಕೋಲು ಬದಿಗಿಟ್ಟು ಹೆಜ್ಜೆ ಹಾಕುತ್ತಿದ್ದರಂತೆ. ಮಳೆಗಾಲದ ಮೊದಲ ಸಭೆಯ ಸರದಿ ತನಗೆ ಬೇಕೆಂದು ಕೇಳಿ ತೆಗೆದುಕೊಂಡಿದ್ದರು.

ಅಷ್ಟು ಹೊತ್ತಿಗೆ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದರು. ನಂಜುಂಡಯ್ಯನವರು ಮೈಸೂರಿನಿಂದ ಸರ್ಕಾರಿ ಕೆಲಸದ ಮೇಲೆ ಬಂದವರು. ಮನೆಯವರನ್ನು ಮೈಸೂರಿನಲ್ಲೇ ಬಿಟ್ಟು ಬಾಡಿಗೆ ಕೋಣೆಯಲ್ಲಿ ಇದ್ದರು. ಅವರ ಸಹಿ ಬೇಕಾದ ಜನ ಸಂಘದಲ್ಲಿ ಬಹಳ ಇದ್ದದ್ದರಿಂದ ಅವಿರೋಧವಾಗಿ ಆಯ್ಕೆಯಾದರು. ಮಾವ ತಮ್ಮ ಮನೆಯಿಂದ ತಂದು ಹಾಕಿದ್ದ ಕೈಕುರ್ಚಿಯಲ್ಲಿ, ಕಿಟಕಿಯ ಪಕ್ಕ, ಕಾರ್ಯದರ್ಶಿ ಕೂರುವುದು ವಾಡಿಕೆ. ನಂಜುಂಡಯ್ಯನವರು ಅದರಲ್ಲಿ ಕೂತ ರೀತಿ ನೋಡಿದರೆ ಕುರ್ಚಿಯೇ ಅವರಿಗೆ ವರ್ಗವಾಗಿ ಬಂದಂತೆ ಇತ್ತು.

ಆ ಭಾನುವಾರ ಮಾವ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ಎದ್ದು ನಿಂತವರು ಕೋಲನ್ನು ನನ್ನ ಕೈಗೆ ಕೊಟ್ಟು, ಕಿವಿಯಲ್ಲಿ, "ಇದ್ನ ಹಿಡ್ಕ ಮೋಣಪ್ಪ. ನಾ ಕೇಳುವ ವರೆಗೆ ಕೊಡ್‌ಬೊತ್ತು" ಎಂದರು. ನಮ್ಮ ಅರೆಭಾಷೆಯಲ್ಲಿ 'ಬೊತ್ತು' ಎಂದರೆ ಬೇಡ. ಅದನ್ನು ಮಾವ ಹೇಳಿದರೆ ಅದಕ್ಕೆ ಮೇಲ್ಮನವಿ ಇಲ್ಲ.

ಮಾವ ಕಥೆ ಶುರು ಮಾಡಿದರು. ಘಾಟಿಯಲ್ಲಿ ಬಸ್ಸು ಹೂತದ್ದು, ಜಿಗಣೆಗಳು ಟಿಕೇಟಿಲ್ಲದೆ ಹತ್ತಿದ್ದು, ವೈದ್ಯರ ಮನೆಯ ಹಿಂದಿನ ಉದ್ದ ಮರದ ತೊಟ್ಟಿ, ಅದರಲ್ಲಿ ಮಲಗಿಸಿ ಬಿಸಿ ಎಣ್ಣೆ ಸುರಿದು ತಿಕ್ಕುವುದು, ಹೊತ್ತು ಹೊತ್ತಿಗೆ ಗಂಜಿ. ಮಾಳಿಗೆಯಲ್ಲಿ ಒಂದು ಕೆಮ್ಮೂ ಇಲ್ಲ. "ಕೊನೆಯ ದಿವಸ ವೈದ್ಯರು ಬಂದವರೇ ನನ್ನ ಕೋಲು ತೆಗೆದು ಮೂಲೆಗೆ ಇಟ್ಟರು. 'ಈಗ ನಡಿ' ಎಂದರು. ನಾನು—"

"ಮಹನೀಯರೇ, ಒಂದು ನಿಮಿಷ," ಎಂದರು ನಂಜುಂಡಯ್ಯನವರು.

ಮಾವ ನಿಂತಲ್ಲೇ ನಿಂತರು.

"ಇದು ಯಾತ್ರಾಮಿತ್ರ ಸಂಘ. ಬಚ್ಚಲುಮಿತ್ರ ಸಂಘ ಅಲ್ಲ." ಸಹಿ ಬೇಕಾಗಿದ್ದ ಇಬ್ಬರು ನಕ್ಕರು. "ಎಣ್ಣೆ ಹಚ್ಚಿದ್ದು, ತೊಡೆ ತಿಕ್ಕಿದ್ದು, ಗಂಜಿ ಕುಡಿದದ್ದು. ಇವೆಲ್ಲ ನಾಲ್ಕು ಜನ ಕೂತಿರುವ ಕಡೆ ಆಡುವ ಮಾತೇನ್ರೀ? ಯಾತ್ರೆ ಅಂದರೆ ಊರು, ಕ್ಷೇತ್ರ, ಪ್ರಕೃತಿ ಸೌಂದರ್ಯ."

"ಸಾರ್, ಮನುಷ್ಯ ನಡೆದನಾ ಇಲ್ಲವಾ, ಅಷ್ಟಾದರೂ ಕೇಳುವ," ಎಂದರು ಸುಬೇದಾರರು.

"ಆಸಕ್ತಿ ಇರುವವರು ಬೇರೆ ಕಡೆ ಕೇಳಿಕೊಳ್ಳಲಿ. ಕೆಳಗೆ ಗೋಣಿಚೀಲದ ಕೋಣೆ ಖಾಲಿ ಇದೆಯಲ್ಲ? ಯಜಮಾನರಿಗೆ ಮೆಟ್ಟಿಲು ಹತ್ತುವ ಕಷ್ಟವೂ ತಪ್ಪುತ್ತದೆ."

ಅಲ್ಲೇ ಒಂದು ನಿರ್ಣಯವಾಯಿತು. ಅದರ ಭಾಷೆ ನನಗೆ ಇನ್ನೂ ಬಾಯಿಪಾಠ: ದೇಹ, ಸ್ನಾನ, ತೈಲ, ಮರ್ದನ ಹಾಗೂ ತತ್ಸಂಬಂಧವಾದ ಯಾವ ವಿಷಯವನ್ನೂ ಸಭಾಂಗಣದಲ್ಲಿ ಎತ್ತತಕ್ಕದ್ದಲ್ಲ; ಅಂಥ ಮಾತಿಗೆ ಹಿಂದಿನ ಕೋಣೆಯನ್ನು ಗೊತ್ತುಮಾಡಲಾಗಿದೆ. ಕೈಗಳು ಮೇಲೆದ್ದವು. ಮಾವನನ್ನು ಬಿಟ್ಟರೆ ಎತ್ತದ ಕೈಗಳು ಮೂರು: ಸುಬೇದಾರರದು, ಮೊಯ್ದು ಕಾಕನದು, ನನ್ನದು. ನನ್ನದು ಎತ್ತಬೇಕೆಂದರೂ ಏಳುತ್ತಿರಲಿಲ್ಲ. ಅದರಲ್ಲಿ ಕೋಲು ಇತ್ತು.

"ಕೋಲು ಕೊಡ್ ಮೋಣಪ್ಪ," ಎಂದರು ಮಾವ.

ಕೊಟ್ಟೆ. ನನ್ನ ಜೀವನದಲ್ಲಿ ಯಾರಿಗೂ ಯಾವ ವಸ್ತುವನ್ನೂ ಅಷ್ಟು ಒಲ್ಲದ ಮನಸ್ಸಿನಿಂದ ಕೊಟ್ಟಿಲ್ಲ. ಆ ದಿನ ಅವರು ಮೆಟ್ಟಿಲುಗಳಿಗೆ ಬೈಯದೆ ಇಳಿದರು.

ಆಮೇಲೆ ಮಳೆ ಜಡಿ ಹಿಡಿಯಿತು. ನಿರ್ಣಯಕ್ಕೆ ತಲೆಬಾಗಿ ನಾವು ಮೂವರು ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ಮೇಲೆ ಕೂತೆವು. ಚೀಲ ಅಲುಗಿದರೆ ಮೆಣಸಿನ ಧೂಳು ಏಳುತ್ತಿತ್ತು. ಪ್ರತಿ ವಿಷಯವನ್ನೂ ಸೀನಿನ ಮಧ್ಯೆ ಮಂಡಿಸಬೇಕಾಗುತ್ತಿತ್ತು. ಸುಬೇದಾರರು ಇಪ್ಪತ್ತು ವರ್ಷ ಬಚ್ಚಿಟ್ಟಿದ್ದ ಒಂದು ಕಥೆಯನ್ನು ಹೊರತೆಗೆದರು. ಕೈರೋದ ಹಮಾಮಿನಲ್ಲಿ ಒಬ್ಬ ಪೈಲ್ವಾನ ಇವರನ್ನು ಹಬೆಯಲ್ಲಿ ಬೇಯಿಸಿ, ಕಲ್ಲಿನ ಮೇಲೆ ಮಲಗಿಸಿ, ಬೆನ್ನ ಮೇಲೆ ಹತ್ತಿ ನಿಂತನಂತೆ. "ಜರ್ಮನಿಯವರು ಮಾಡದ್ದನ್ನು ಅವನು ಮಾಡಿದ. ನಾನು ಅತ್ತೆ. ಆದರೆ ಆಮೇಲೆ ನಿದ್ದೆ ಬಂತು ನೋಡಿ, ಯುದ್ಧ ಶುರುವಾದ ಮೇಲೆ ಬಂದ ಮೊದಲ ನಿದ್ದೆ!" ಯಾರೂ ಕೆಮ್ಮಲಿಲ್ಲ. ಇಷ್ಟು ವರ್ಷದ ಅವರ ಕಥೆಗಳಲ್ಲಿ ಅದೊಂದು ನಿಜ ಎಂದು ನಮಗೆ ಹೇಗೋ ಗೊತ್ತಾಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಬೇರೆ ಜಾಗ ಕೊಟ್ಟದ್ದರಲ್ಲಿ ಒಂದು ಲಾಭವೂ ಆಯಿತು. ಮಾಳಿಗೆಯಲ್ಲಿ ಬಾಯಿ ಬಿಡದ ಜನ ಇಲ್ಲಿ ಬಿಟ್ಟರು. ತಲೆಯ ಮೇಲೆ ಚೀಲ ಹೊತ್ತು ಕುತ್ತಿಗೆ ಕೆಟ್ಟವರು, ಹೆರಿಗೆಯ ನಂತರ ಹೆಂಡತಿಗೆ ಎಲ್ಲಿಯ ಎಣ್ಣೆ ಒಳ್ಳೆಯದು ಎಂದು ಕೇಳಲು ನಾಚಿಕೊಂಡವರು, ಬಸ್ಸಿಗೆ ಕಾಯುವವರು, ಎಲ್ಲರೂ ಬಂದು ಕೂರತೊಡಗಿದರು. ಮೇಲೆ ನಂಜುಂಡಯ್ಯನವರು ತಾವು ಕಾಶಿಗೆ ಹೋದದ್ದನ್ನು ಮೂರು ವಾರ ಹೇಳಿದರು. ಯಾವ ಘಟ್ಟದಲ್ಲಿ ಮುಳುಗಿದೆ, ನೀರು ಎಷ್ಟು ತಣ್ಣಗಿತ್ತು, ಮೇಲೆದ್ದಾಗ ಮೈ ಹೇಗೆ ಹಗುರಾಯಿತು. ಕೇಳುತ್ತ ಕೂತವರಿಗೆ ಒಂದು ಸಂಶಯ ಬಾರದೆ ಇರಲಿಲ್ಲ: ಇವರು ಗಂಗೆಯಲ್ಲಿ ಮಿಂದರೆ ಅದು ಯಾತ್ರೆ, ಕುಶಾಲಪ್ಪನವರು ಇರಿಟ್ಟಿಯಲ್ಲಿ ಮಿಂದರೆ ಅದು ಬಚ್ಚಲು!

ಆದರೆ ಯಾರ ಬಾಯಿಂದ ಮಾತು ಕಿತ್ತುಕೊಂಡು ಈ ಕೋಣೆ ಮಾಡಿದರೋ ಆ ಮನುಷ್ಯ ಬರಲಿಲ್ಲ. ನಾನು ಕರೆಯಲು ಹೋದಾಗಲೆಲ್ಲ ಮಾವ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದರು. "ನಂಗೆ ಆ ಮಾಳಿಗೆಯೂ ಬೊತ್ತು, ಆ ಕೋಣೆಯೂ ಬೊತ್ತು."

ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು: "ಈಗ ಕಣಕ್ಕೂ ಇಳಿಯೋದಿಲ್ಲ ಮಗ. ಅಂದು ಎಲ್ಲರ ಎದುರು ನಡೆದು ತೋರಿಸೋದು ಅಂತ ಇದ್ದರು. ಆ ಕುರ್ಚಿ ತನಕ. ಬೇಸಿಗೆಯಿಡೀ ಅಷ್ಟೇ ದೂರ ಅಳತೆ ಹಾಕಿ ನಡೆದರು. ಈಗ ಯಾರಿಗೆ ನಡೆದು ತೋರಿಸೋದು ಅಂತಾರೆ."

ಕಾಲು ಎಂಬುದು ಉಪಯೋಗಿಸದಿದ್ದರೆ ಹಿಂದಕ್ಕೆ ಹೋಗುವ ವಸ್ತು ಎಂದು ತಿಳಿಯಲು ವೈದ್ಯನಾಗಬೇಕಿಲ್ಲ. ಆ ಸಾಯಂಕಾಲ ಮನೆಗೆ ಹಿಂದಿರುಗುವಾಗ ನಾನೊಂದು ಪ್ರತಿಜ್ಞೆ ಮಾಡಿದೆ. ನಂಜುಂಡಯ್ಯನವರು ತಾವಾಗಿ ಹಿಂದಿನ ಕೋಣೆಗೆ ಬಂದು ಗೋಣಿಚೀಲದ ಮೇಲೆ ಕೂರಬೇಕು. ತಾವಾಗಿ ಹೋಗಿ ಮಾವನನ್ನು ಮಾಳಿಗೆಗೆ ಕರೆತರಬೇಕು. ಕೊಡೆಯ ಬಟ್ಟೆ ಗಾಳಿಗೆ ಹರಿದುಹೋಗಿದ್ದರಿಂದ ಕಡ್ಡಿಯನ್ನು ಮೇಲೆತ್ತಿಯೇ ಪ್ರತಿಜ್ಞೆ ಮಾಡಿದೆ. ಹೇಗೆ ನೆರವೇರಿಸುವುದು ಎಂಬುದು ಮಾತ್ರ ಹೊಳೆಯಲಿಲ್ಲ. ಅದನ್ನು ಒಂದು ಸೊಪ್ಪು ನೆರವೇರಿಸಿತು.

ಕಕ್ಕಡ ಹದಿನೆಂಟು ಎಂದರೆ ಕೊಡಗಿನ ಯಾವ ಜಾತಿ, ಯಾವ ಭಾಷೆಯ ಮನೆಯಲ್ಲಾದರೂ ಮದ್ದು ಸೊಪ್ಪಿನ ದಿನ. ಬೇಲಿಬದಿಯಲ್ಲಿ ತಾನಾಗಿ ಬೆಳೆಯುವ ಗಿಡ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧಿ ಬಂದು ಸೇರುತ್ತದೆ ಎಂದು ನಂಬಿಕೆ. ಸೊಪ್ಪು ಕುದಿಸಿದರೆ ಕಡು ನೇರಳೆ ರಸ ಬಿಡುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿದರೆ ಪಾಯಸ. ತಿಂದವರಿಗೆ ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಬರುತ್ತದೆ. ಕೆಂಪು ಬಂತೆಂದರೆ ಮದ್ದು ಮೈಗೆ ಹಿಡಿಯಿತು ಎಂದು ಸಂತೋಷ. ಯಾರದು ಹೆಚ್ಚು ಕೆಂಪು ಎಂದು ಮಕ್ಕಳು ಪಂದ್ಯ ಕಟ್ಟುವುದೂ ಉಂಟು. ಸಂಜೆಯ ಹೊತ್ತಿಗೆ ಎಲ್ಲ ಮೊದಲಿನಂತಾಗುತ್ತದೆ. ಇದು ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಗೊತ್ತು. ಬಾಡಿಗೆ ಕೋಣೆಯಲ್ಲಿದ್ದು ಹೋಟೆಲಿನಲ್ಲಿ ಉಣ್ಣುವ ಮೈಸೂರಿನವರಿಗೆ ಗೊತ್ತಿರಬೇಕೆಂದಿಲ್ಲ.

ಪ್ರತಿ ವರ್ಷ ಆ ದಿನ ಸಂಘಕ್ಕೆ ಅತ್ತೆಯ ಪಾಯಸ. ಆ ವರ್ಷವೂ ಅತ್ತೆ ದೊಡ್ಡ ಪಾತ್ರೆಯಲ್ಲಿ ಕಳುಹಿಸಿದರು. ಸಂಘದ ಮೇಲೆ ಮುನಿಸಿಕೊಂಡದ್ದು ಮಾವ; ಸೊಪ್ಪು ಮುನಿಸಿಕೊಂಡಿರಲಿಲ್ಲ.

"ಏನ್ರೀ ಇದು, ಶಾಯಿ ಬಣ್ಣ?" ಎಂದರು ನಂಜುಂಡಯ್ಯನವರು.

"ಮದ್ದು ಪಾಯಸ ಸಾರ್. ಮೈಗೆ ಒಳ್ಳೆಯದು," ಎಂದೆ. ಅದು ಸತ್ಯ. ಈ ಇಡೀ ವ್ಯವಹಾರದಲ್ಲಿ ನಾನು ಒಂದೂ ಸುಳ್ಳು ಹೇಳಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಅವರು ತುಪ್ಪ, ಜೇನು ಹಾಕಿಕೊಂಡು ತಿಂದರು. ರುಚಿ ಹತ್ತಿತು. ಮತ್ತೆ ಹಾಕಿಸಿಕೊಂಡರು. ಮತ್ತೂ ಹಾಕಿಸಿಕೊಂಡರು. ಮೊಯ್ದು ಕಾಕನದು ಮೆದು ಹೃದಯ, ಅವರಿಗೆ ತಡೆಯಲಾಗಲಿಲ್ಲ.

"ಸಾರೇ, ಒಂದು ಮಾತು ಹೇಳ್ತೇನೆ. ನಾಳೆ ಬೆಳಿಗ್ಗೆ ಎದ್ದು ನೀವು ಹೋಗುವಾಗ ಉಂಟಲ್ಲಾ—"

ನಂಜುಂಡಯ್ಯನವರು ಚಮಚ ಮೇಲೆತ್ತಿದರು. "ದೇಹದ ವಿಷಯವೋ?"

"ದೇಹದ್ದೇ ಸಾರೇ. ಆದರೆ—"

"ಇಲ್ಲಿ ಬೇಡ. ಆ ಮಾತಿಗೆ ಬೇರೆ ಜಾಗ ಇದೆ."

ಸುಬೇದಾರರು ನನ್ನನ್ನು ನೋಡಿದರು. ನಾನು ಸುಬೇದಾರರನ್ನು ನೋಡಿದೆ. ಸಹಿ ಬೇಕಾದವರು ತಮ್ಮ ಬಟ್ಟಲನ್ನು ನೋಡಿಕೊಂಡರು. ಆ ಒಂದು ಕ್ಷಣದಲ್ಲಿ ಯಾತ್ರಾಮಿತ್ರ ಸಂಘದ ಸಮಸ್ತ ಸದಸ್ಯರೂ ಶಿಸ್ತಿನ ನಿಯಮಪಾಲಕರಾದರು.

"ಸಾರ್‌ಗೆ ಇನ್ನೊಂದು ಸೌಟು ಹಾಕು ಮೋಣಪ್ಪ," ಎಂದರು ಸುಬೇದಾರರು, ಬಹಳ ಮೃದುವಾಗಿ.

ಮರುದಿನ ನಾನು ಕಿಟಕಿ ತೆರೆಯುವ ಮೊದಲೇ ನಂಜುಂಡಯ್ಯನವರು ಹೊರಗೆ ನಿಂತಿದ್ದರು. ಕೊಡೆ ಮಡಚಿ ಕೈಯಲ್ಲಿ ಹಿಡಿದುಕೊಂಡೇ ಮಳೆಯಲ್ಲಿ ನಡೆದು ಬಂದಿದ್ದರು. ಮುಖ ಸುಣ್ಣ ಬಳಿದ ಹಾಗೆ ಇತ್ತು.

"ಮೋಣಪ್ಪ, ನಿನ್ನ ಹತ್ತಿರ ಒಂದು ವಿಷಯ…"

"ಹೇಳಿ ಸಾರ್. ಎಲ್ಲಿಗೆ ಟಿಕೇಟು?"

ಅವರು ಹಿಂದೆ ನಿಂತ ಪ್ರಯಾಣಿಕರನ್ನು ನೋಡಿದರು. "ಟಿಕೇಟಲ್ಲ. ಸ್ವಲ್ಪ ಖಾಸಗಿ."

"ಎಂಥ ಖಾಸಗಿ ಸಾರ್? ದೇಹದ್ದಾ?"

ಅವರು ತಲೆಯಾಡಿಸಿದರು.

"ಹಾಗಾದರೆ ಇಲ್ಲಿ ಕಷ್ಟ. ಹಿಂದಿನ ಕೋಣೆಗೆ ಹೋಗಿ ಕೂತಿರಿ."

ಹೋದರು. ತಾವಾಗಿ ಹೋಗಿ ಗೋಣಿಚೀಲದ ಮೇಲೆ ಕೂತರು. ಕೂತದ್ದು ಸೀನಿನ ಸದ್ದಿನಿಂದಲೇ ತಿಳಿಯಿತು. ನನ್ನ ಪ್ರತಿಜ್ಞೆಯ ಮೊದಲರ್ಧ ಕಾಫಿಗೆ ಮೊದಲೇ ಮುಗಿದಿತ್ತು.

ನಾನು ಕಿಟಕಿ ಮುಚ್ಚಿ ಮಾವನ ಮನೆಗೆ ಓಡಿದೆ. ಮಾವ ಎಲ್ಲವನ್ನೂ ಕೇಳಿದರು. "ಅವಂಗೆ ಗೊತ್ತಿಲ್ಲೆನಾ?"

"ಕಾಕ ಹೇಳಲು ಹೊರಟರು ಮಾವ. ನಿರ್ಣಯ ಪ್ರಕಾರ ಅವರೇ ತಡೆದರು."

ಮಾವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ ಅಲುಗಿತು. ಆ ಮಳೆಗಾಲದಲ್ಲಿ ಅವರು ನಕ್ಕದ್ದು ಅದೇ ಮೊದಲು. ಆಮೇಲೆ ಮುಖ ಒರೆಸಿಕೊಂಡು, "ನನ್ನ ಕೋಟು ಎಲ್ಲಿ ಉಟ್ಟು?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ಹುಡುಕಿ ತಂದುಕೊಟ್ಟರು.

ಹಿಂದಿನ ಕೋಣೆಯಲ್ಲಿ ಮಾವ ನಂಜುಂಡಯ್ಯನವರ ಎದುರು ಕೂತು, ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ವಿಚಾರಣೆ ನಡೆಸಿದರು. ಅರ್ಧ ತೆರೆದ ಬಾಗಿಲ ಹಿಂದೆ ಸುಬೇದಾರರೂ ಕಾಕನೂ ಮೂಗು ಹಿಡಿದುಕೊಂಡು ನಿಂತಿದ್ದರು.

"ಬಣ್ಣ ಎಂಥದ್ದು?"

"ಕೆಂಪು," ಎಂದರು ನಂಜುಂಡಯ್ಯನವರು ನೆಲ ನೋಡುತ್ತ.

"ಕೆಂಪಿನಲ್ಲಿ ಎಂಥ ಕೆಂಪು? ದಾಸವಾಳದ್ದಾ, ಕಾಫಿ ಹಣ್ಣಿನದ್ದಾ?"

"ಕಾಫಿ ಹಣ್ಣಿನದ್ದು… ಚೆನ್ನಾಗಿ ಹಣ್ಣಾದದ್ದು."

"ನೋವು?"

"ಇಲ್ಲ. ನೋವಿಲ್ಲದೆ ಇರುವುದು ಒಳ್ಳೆಯ ಲಕ್ಷಣವೇ ಸ್ವಾಮಿ?"

ಮಾವ ದೀರ್ಘವಾಗಿ ಉಸಿರು ಬಿಟ್ಟರು. "ಅದನ್ನು ತಿಳಿದವರೇ ಹೇಳಬೇಕು."

ಪಾಯಸದ ಬಣ್ಣ ಹಿಂದಿನ ದಿನ ಅವರ ಕಣ್ಣೆದುರೇ ಇತ್ತು. ಆದರೆ ಹೆದರಿದ ಮನುಷ್ಯ ಎರಡು ವಿಷಯ ಸೇರಿಸಿ ನೋಡುವುದಿಲ್ಲ. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ತಿಳಿಯುತ್ತದೆ ಎಂಬ ನಾಚಿಕೆ ಬೇರೆ. "ನಿಮ್ಮ ಆ ವೈದ್ಯರು…" ಎಂದು ಅವರೇ ಬಾಯಿಬಿಟ್ಟರು. ಮಾವ ನನ್ನತ್ತ ತಿರುಗಿದರು. ನಾನು ಇರಿಟ್ಟಿಗೆ ಒಂದು ಟಿಕೇಟು ಹರಿದೆ. ನನ್ನ ನೌಕರಿಯಲ್ಲಿ ಅಷ್ಟು ಭಕ್ತಿಯಿಂದ ಹರಿದ ಟಿಕೇಟು ಇನ್ನೊಂದಿಲ್ಲ. ಕಕ್ಕಡದ ಮಳೆಯಲ್ಲಿ ಮಾಕುಟ್ಟ ಘಾಟಿ, ಬಸ್ಸಿನ ಹಿಂದಿನ ಸೀಟು, ಕಿಟಕಿಗೆ ಪರದೆ ಇಲ್ಲ. ಮುಂದಿನ ಸೀಟು ಖಾಲಿ ಇತ್ತು ಎಂಬುದು ಬೇರೆ ವಿಷಯ.

ಮುಂದಿನ ಭಾನುವಾರ ಮಾಳಿಗೆ ಕಿಕ್ಕಿರಿದಿತ್ತು. ನಂಜುಂಡಯ್ಯನವರು ತಲೆಗೆ ಎಣ್ಣೆ ಹಚ್ಚಿ, ಹೊಸ ಮದುಮಗನ ಹಾಗೆ ಹೊಳೆಯುತ್ತ ಬಂದು, ಕುರ್ಚಿಯಿಂದ ಎದ್ದು ನಿಂತು, ತಮ್ಮದೇ ಯಾತ್ರೆಯ ಕಥೆ ಹೇಳಲು ಆರಂಭಿಸಿದರು.

"ಘಾಟಿಯ ಗಂಡಾಂತರಗಳನ್ನು ವರ್ಣಿಸಲಾರೆ. ಅಂತೂ ಸಂಜೆಗೆ ವೈದ್ಯರ ಮನೆ ಮುಟ್ಟಿದೆ. ಆ ಮಹಾನುಭಾವರು ನನ್ನ ಲಕ್ಷಣಗಳನ್ನು ಕೇಳಿ, 'ವಿರಾಜಪೇಟೆಯಿಂದಲಾ? ಇವತ್ತಾ?' ಎಂದರು. ಹೌದು ಎಂದೆ. ತಟ್ಟನೆ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಒಳಗಿಂದ ಹೆಂಗಸರು ನಗುವ ಸದ್ದು ಬರುತ್ತಿತ್ತು. ಏನೋ ಮನೆಯ ಸಂತೋಷ ಇರಬೇಕು. ಹೊರಗೆ ಬಂದಾಗ ಅವರ ಕಣ್ಣಲ್ಲಿ ನೀರು! ನನ್ನ ಸ್ಥಿತಿಗೆ ಅಷ್ಟು ಮರುಗಿದ್ದರು. ಆಮೇಲೆ ನನ್ನನ್ನು ತೊಟ್ಟಿಯಲ್ಲಿ ಮಲಗಿಸಿ, ಎಣ್ಣೆ ಬಿಸಿ ಮಾಡಿ—"

"ಪಾಯಿಂಟ್ ಆಫ್ ಆರ್ಡರ್ ಸಾರ್," ಎಂದು ಸುಬೇದಾರರು ಎದ್ದು ಅಟೆನ್ಷನ್ನಿನಲ್ಲಿ ನಿಂತರು. "ಎಣ್ಣೆ."

"ಏನು ಎಣ್ಣೆ?"

"ಸಭಾಂಗಣದಲ್ಲಿ ಎಣ್ಣೆ ಎತ್ತತಕ್ಕದ್ದಲ್ಲ ಸಾರ್. ನಿಮ್ಮದೇ ಹುಕುಂ."

"ಅಯ್ಯಾ, ಇದು ನನ್ನ ಜೀವ ಉಳಿದ ಕಥೆ! ಮರುದಿನ ಬೆಳಗಾಗುವಷ್ಟರಲ್ಲಿ ಬಣ್ಣ ತಿಳಿಯಾಗಿತ್ತು!"

"ಜೀವವೂ ದೇಹದ ಒಳಗೇ ಇರ್ತದೆ ಸಾರ್. ಹಿಂದಿನ ಕೋಣೆ ಖಾಲಿ ಉಂಟು."

ನಂಜುಂಡಯ್ಯನವರು ಸುತ್ತ ನೋಡಿದರು. ಸಹಿ ಬೇಕಾದವರೂ ಚಾವಣಿ ನೋಡುತ್ತಿದ್ದರು. ಕೊನೆಗೆ ಅವರೇ ಆ ನಿರ್ಣಯವನ್ನು ರದ್ದು ಮಾಡುವ ಇನ್ನೊಂದು ನಿರ್ಣಯ ಮಂಡಿಸಿದರು. ಮಂಡಿಸುವಾಗ ಅವರ ಮುಖದಲ್ಲಿ ಬೆವರು, ಎಣ್ಣೆ ಎರಡೂ ಇಳಿಯುತ್ತಿದ್ದವು. ಎಲ್ಲ ಕೈಗಳೂ ಮೇಲೆದ್ದವು. ಅವರು ಗಂಟಲು ಸರಿಮಾಡಿಕೊಂಡು, "ಹಾಗಾದರೆ, ಎಣ್ಣೆ ಬಿಸಿ ಮಾಡಿ—" ಎಂದರು.

"ನಿಲ್ಲಿ ಸಾರೇ," ಎಂದರು ಮೊಯ್ದು ಕಾಕ. "ಅರ್ಧಕ್ಕೆ ನಿಂತ ಕಥೆ ಒಂದು ಮೊದಲಿನದ್ದು ಬಾಕಿ ಉಂಟಲ್ಲ. ಅದು ಮುಗೀಬೇಡವಾ? ನೀವೇ ಹೋಗಿ ಕರೆದರೆ ಅವರು ಬರುವರು."

ಹೋದರು. ನಾನೂ ಹಿಂದೆ ಹೋದೆ. ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಜಗಲಿಯ ಕೆಳಗೆ ಮಳೆಯಲ್ಲಿ ನಿಂತು ನಂಜುಂಡಯ್ಯನವರು ಕರೆದರು.

"ಮೆಟ್ಟಿಲು ಹತ್ತುವುದು ನನಗೆ ಕಷ್ಟ ಅಂತ ನೀವೇ ಹೇಳಿದ್ದಿರಿ," ಎಂದರು ಮಾವ.

"ತಪ್ಪಾಯಿತು ಸ್ವಾಮಿ. ಬನ್ನಿ."

ಮಾವ ಆ ದಿನ ಪ್ರತಿ ಮೆಟ್ಟಿಲಿಗೂ ಬೈದು ಹತ್ತಿದರು. ಮಾಳಿಗೆಯ ಮಧ್ಯೆ ನಿಂತು ಕೋಲನ್ನು ನನ್ನ ಕೈಗೆ ಕೊಟ್ಟರು. ಕಥೆಯನ್ನು ಮೊದಲಿಂದ ಹೇಳಲಿಲ್ಲ. ಎಲ್ಲಿ ತುಂಡಾಗಿತ್ತೋ ಅಲ್ಲಿಂದಲೇ ಹಿಡಿದರು.

"…ನಾನು ಬಿದ್ದೆ," ಎಂದರು.

ಕಿಟಕಿಯ ಕಡೆಗೊಮ್ಮೆ ನೋಡಿ ಮುಂದುವರಿಸಿದರು.

"ಎಣ್ಣೆಯ ಕಾಲು, ಸೆಗಣಿ ಸಾರಿಸಿದ ನೆಲ. ಬಿದ್ದ ಕೂಡಲೆ ವೈದ್ಯರು ಕೋಲು ಕೊಡುತ್ತಾರೆ ಅಂತ ಕೈ ನೀಡಿದೆ. ಅವರು ಕೊಡಲಿಲ್ಲ. ನನ್ನ ಹಾಗೇ ಚಿಕಿತ್ಸೆಗೆ ಬಂದಿದ್ದ ಒಬ್ಬ ಮೀನಿನವನು, ಅವನ ಒಂದು ಕೈ ಸೋತಿತ್ತು, ಇನ್ನೊಂದು ಕೈಯಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದ. ಅವನ ಭಾಷೆ ನನಗೆ ಪೂರ್ತಿ ಬಾರದು. 'ನಿನಗೆ ಕಾಲಿಲ್ಲ, ನನಗೆ ಕೈಯಿಲ್ಲ, ಇಬ್ಬರೂ ಸೇರಿದರೆ ಒಬ್ಬ ಆಳು' ಎಂದ ಅಂತ ಕಾಣುತ್ತದೆ. ಇಬ್ಬರೂ ನಗುತ್ತ ಬಾವಿಯ ಹತ್ತಿರ ಮುಟ್ಟಿದೆವು. ವಾಪಸು ಬರುವಾಗ ಅವನು ಮೆಲ್ಲಗೆ ನನ್ನನ್ನು ಬಿಟ್ಟುಬಿಟ್ಟಿದ್ದ. ನನಗೆ ಗೊತ್ತೇ ಆಗಿರಲಿಲ್ಲ. ಹೀಗೆ ಬಂದೆ."

ಎಂದು ನಡೆದರು. ಹಲವು ವಾರ ಕಣಕ್ಕೆ ಇಳಿಯದ ಕಾಲುಗಳು ನಡುಗಿದವು. ಮಧ್ಯದಲ್ಲಿ ಒಮ್ಮೆ ನಿಂತರು. ನನ್ನ ಕೈಯಲ್ಲಿ ಕೋಲು ಒದ್ದೆಯಾಗಿತ್ತು, ಮುಂದೆ ಚಾಚಬೇಕೆನ್ನಿಸಿತು. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಮತ್ತೆ ಹೆಜ್ಜೆ ಇಟ್ಟರು. ಕಿಟಕಿಯವರೆಗೆ ಹೋಗಿ, ತಾವೇ ಮನೆಯಿಂದ ತಂದು ಹಾಕಿದ್ದ ಆ ಕೈಕುರ್ಚಿಯಲ್ಲಿ ಕೂತರು. ಅದು ಖಾಲಿ ಇತ್ತು. ನಂಜುಂಡಯ್ಯನವರು ಬಾಗಿಲ ಬಳಿ, ಒದ್ದೆ ಕೊಡೆ ಹಿಡಿದು ನಿಂತಿದ್ದರು.

"ಕಾಫಿ ತನ್ನಿ," ಎಂದರು ಮಾವ.

ಕಕ್ಕಡ ಮುಗಿಯುವ ಮೊದಲೇ ನಂಜುಂಡಯ್ಯನವರಿಗೆ ವರ್ಗದ ಆದೇಶ ಬಂತು. ಮಳೆ ನೋಡಿದ ಮೇಲೆ ಕೇಳಿಕೊಂಡದ್ದೋ, ತಾನಾಗಿ ಬಂದದ್ದೋ, ತಿಳಿಯದು. ಮಾವ ಅವರನ್ನು ಮನೆಗೆ ಕರೆದು ಊಟ ಹಾಕಿ, ಒಂದು ಸೀಸೆ ಎಣ್ಣೆ ಕೊಟ್ಟು ಕಳುಹಿಸಿದರು. ಮಾವ ಕ್ಷಮಿಸಿದ್ದರು. ಅದು ಅವರ ದೊಡ್ಡತನ. ಕೋಲು ವಾಪಸು ಕೊಟ್ಟ ಕೈ ನನ್ನದು. ಅದಕ್ಕೆ ಅಷ್ಟು ದೊಡ್ಡತನ ಬಂದಿರಲಿಲ್ಲ.

ಮೈಸೂರು ಬಸ್ಸು ಹೊರಡುವ ಹೊತ್ತಿಗೆ ನಾನು ಕಿಟಕಿಯಿಂದ ಒಂದು ಕಟ್ಟು ನೀಡಿದೆ. ಬಾಳೆಲೆಯಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ ಮದ್ದು ಸೊಪ್ಪು. ಔಷಧಿ ಗುಣ ಹದಿನೆಂಟಕ್ಕೇ ಹೊರಟುಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಬಣ್ಣ ಹೋಗುವುದಿಲ್ಲ.

"ಓಹೋ! ಅಂದಿನ ಪಾಯಸದ ಸೊಪ್ಪು!" ಅವರ ಮುಖ ಅರಳಿತು. "ಮನೆಯಲ್ಲಿ ಮಾಡಿಸುತ್ತೇನೆ. ನಾಡಿದ್ದು ನಮ್ಮ ಸಾಹೇಬರನ್ನೂ ಊಟಕ್ಕೆ ಕರೆದಿದ್ದೇನೆ. ಎಲ್ಲರಿಗೂ ಬಡಿಸಿದರಾಯಿತು."

"ಬಹಳ ಸಂತೋಷ ಸಾರ್."

ಅವರು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಡ್ರೈವರು ಇಂಜಿನ್ ಶುರು ಮಾಡಿದ. ಏನೋ ನೆನಪಾದವರಂತೆ ಅವರು ತಲೆ ಹೊರಗೆ ಹಾಕಿ ಕೂಗಿದರು: "ಮೋಣಪ್ಪ! ಇದನ್ನು ತಿಂದ ಮೇಲೆ ಪಥ್ಯಗಿಥ್ಯ ಏನಾದರೂ ಉಂಟೇನಯ್ಯ? ತಿಳಿದಿರಬೇಕಾದ್ದು?"

"ಒಂದು ವಿಷಯ ಇದೆ ಸಾರ್," ಎಂದೆ. "ಆದರೆ ಇದು ಬುಕಿಂಗ್ ಕಿಟಕಿ. ಆ ಮಾತಿಗೆ ಬೇರೆ ಜಾಗ ಇದೆ."

ಹಿಂದಿನ ಕೋಣೆಗೆ ಹೋಗಿ ಬರಲು ಅವರಿಗೆ ಪುರಸೊತ್ತಿರಲಿಲ್ಲ. ಕಂಡಕ್ಟರು ಸೀಟಿ ಊದಿದ.